ಇಲ್ಲೇ ಹುಟ್ಟಿದವನು, ಇಲ್ಲಿಯವನಲ್ಲ: ‘ಪ್ರೆಷರ್’ ಚಿತ್ರದ ಹಿಂದಿನ ಚರಿತ್ರೆ

ಒಂದೇ ಮನೆ, ಒಬ್ಬಳೇ ತಾಯಿ, ಇಬ್ಬರು ಗಂಡುಮಕ್ಕಳು. ದೊಡ್ಡವನು ಕಾಲಿನ್ ಟ್ರಿನಿಡಾಡ್‌ನಲ್ಲಿ ಹುಟ್ಟಿದವನು. ಚಿಕ್ಕವನು ಟೋನಿ ಲಂಡನ್ನಿನಲ್ಲಿ. ಬೆಳಗಿನ ತಿಂಡಿಗೆ ಟೋನಿಯ ತಟ್ಟೆಯಲ್ಲಿ ಇಂಗ್ಲಿಷರ ಹಾಗೆ ಹುರಿದ ಹಂದಿಮಾಂಸ, ಮೊಟ್ಟೆ. ಅಣ್ಣನಿಗೆ ಅದನ್ನು ಕಂಡರಾಗದು. ‘ಬಿಳಿಯರ ಕೂಳು ತಿಂದು ಬಿಳಿಯನಾಗ್ತೀಯೇನೋ’ ಅನ್ನುವ ಧಾಟಿ ಅವನದು. ಹೋರೇಸ್ ಓವೆ ನಿರ್ದೇಶಿಸಿದ ‘ಪ್ರೆಷರ್’ ಶುರುವಾಗುವುದೇ ಹೀಗೆ. 1975ರ ಹೊತ್ತಿಗೆ ತಯಾರಾದ ಇದು ಬ್ರಿಟನ್ನಿನಲ್ಲಿ ಕರಿಯ ನಿರ್ದೇಶಕನೊಬ್ಬ ಮಾಡಿದ ಮೊದಲ ಪೂರ್ಣ ಕಥಾಚಿತ್ರ. ತಟ್ಟೆಯಲ್ಲಿ ಏನಿದೆ ಅಂತ ನೋಡಿ ಮನುಷ್ಯನ ಅಂತಸ್ತು ಅಳೆಯುವ ನಾಡಿನಲ್ಲಿ ಬೆಳೆದ ನಮಗೆ ಈ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಸಾರ ಲಂಡನ್ನಿಗೆ ಯಾಕೆ ಬಂತು? ಕರೆದರು, ಬಂದರು. ಯುದ್ಧದಲ್ಲಿ ಜರ್ಝರಿತವಾದ ಬ್ರಿಟನ್ನಿಗೆ ಕೂಲಿಯವರು ಬೇಕಾಗಿದ್ದರು. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಷ್’ ಹಡಗು ಟಿಲ್ಬರಿ ಬಂದರಿನಲ್ಲಿ ನೂರಾರು ಕೆರಿಬಿಯನ್ನರನ್ನು ಇಳಿಸಿತು. ವಸಾಹತುಗಳ ಪ್ರಜೆಗಳೂ ಬ್ರಿಟನ್ನಿನ ಪೌರರೇ ಅಂತ ಅದೇ ವರ್ಷ ಕಾನೂನೂ ಆಯಿತು. 1956ರಿಂದ ಲಂಡನ್ ಸಾರಿಗೆ ಸಂಸ್ಥೆ ನೇರವಾಗಿ ಬಾರ್ಬಡೋಸ್‌ಗೇ ಹೋಗಿ ಆಳುಗಳನ್ನು ಆರಿಸಿತು. ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರ ಬಳಿಯಲು ಇವರು ಬೇಕು. ಸಂಜೆ ಬಾಡಿಗೆ ಕೋಣೆ ಕೇಳಿದರೆ ಮಾತ್ರ ಬಾಗಿಲು ಮುಚ್ಚುತ್ತಿತ್ತು. ದುಡಿಮೆ ಬೇಕು, ದುಡಿಯುವವನು ಬೇಡ. ಇದು ನಮಗೆ ಗೊತ್ತಿಲ್ಲದ ಲೆಕ್ಕವೇನಲ್ಲ.

ಟೋನಿ ಬೆಳೆದ ನಾಟಿಂಗ್ ಹಿಲ್ ಬೀದಿಗಳಿಗೆ ಒಂದು ರಕ್ತದ ಇತಿಹಾಸವಿದೆ. 1958ರಲ್ಲಿ ಬಿಳಿ ಪುಂಡರು ಅಲ್ಲಿ ಕರಿಯರ ಮನೆಗಳ ಮೇಲೆ ದಿನಗಟ್ಟಲೆ ದಾಳಿ ಮಾಡಿದರು. ಮರುವರ್ಷ ಮೇ 17ರಂದು ಆಂಟಿಗುವಾದ ಬಡಗಿ ಕೆಲ್ಸೊ ಕಾಕ್ರೇನ್‌ನನ್ನು ನಡುಬೀದಿಯಲ್ಲಿ ಇರಿದು ಕೊಂದರು. ಕೊಂದವರಿಗೆ ಶಿಕ್ಷೆಯಾಗಲೇ ಇಲ್ಲ. ಆಮೇಲೆ ಪ್ರಭುತ್ವ ಮಾಡಿದ್ದೇನು? 1962, 1968, 1971, ಒಂದಾದ ಮೇಲೊಂದು ಕಾಯ್ದೆ ತಂದು ಬಾಗಿಲು ಮುಚ್ಚಿತು. 1968ರ ಏಪ್ರಿಲ್ 20ರಂದು ಈನಾಕ್ ಪೊವೆಲ್ ಎಂಬ ರಾಜಕಾರಣಿ ವಲಸಿಗರ ವಿರುದ್ಧ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಷ ಕಾರಿದ. ಅವನ ಪಕ್ಷದ ನಾಯಕನೇ ಅವನನ್ನು ಹುದ್ದೆಯಿಂದ ಕಿತ್ತುಹಾಕಿದಾಗ ಅವನ ಪರವಾಗಿ ಮೆರವಣಿಗೆ ಹೊರಟವರು ಯಾರು ಗೊತ್ತೆ? ಲಂಡನ್ ಬಂದರಿನ ಕೂಲಿಕಾರರು! ಕೂಲಿಗಳೆಲ್ಲ ಒಂದೇ, ವರ್ಗ ಹೋದರೆ ಉಳಿದದ್ದೆಲ್ಲ ತಾನಾಗಿಯೇ ಹೋಗುತ್ತೆ ಅಂತ ನಮಗೆ ಪಾಠ ಹೇಳುವ ಗೆಳೆಯರು ಈ ಮೆರವಣಿಗೆಯನ್ನು ಒಮ್ಮೆ ನೆನೆಯಬೇಕು.

ಟೋನಿಗೆ ಇದೆಲ್ಲ ಬೇಕಿಲ್ಲ. ಅವನ ಮಾತು ಲಂಡನ್ನಿನದು, ಗೆಳೆಯರು ಬಿಳಿ ಹುಡುಗರು. ಸ್ಕೂಲು ಮುಗಿಸಿ, ಚೆನ್ನಾಗಿಯೇ ಪಾಸಾಗಿ, ಲೆಕ್ಕಪತ್ರದ ಆಫೀಸೊಂದಕ್ಕೆ ಸಂದರ್ಶನಕ್ಕೆ ಹೋಗುತ್ತಾನೆ. ಎದುರಿಗೆ ಕೂತವನ ಮುಖದಲ್ಲಿ ಇರಿಸುಮುರುಸು. ಬಾಯಿಮಾತಿನಲ್ಲಿ ಮರ್ಯಾದೆಗೇನೂ ಕಮ್ಮಿಯಿಲ್ಲ, ಕೆಲಸ ಮಾತ್ರ ಇಲ್ಲ. ಜೊತೆಯಲ್ಲಿ ಓದಿದ ಬಿಳಿ ಹುಡುಗರು ಸಂಬಳ ಎಣಿಸುತ್ತಿದ್ದಾರೆ. ಗೆಳತಿಯ ಕೋಣೆಗೆ ಹೋದರೆ ಮನೆಯೊಡತಿ ಬೈದು ಅಟ್ಟುತ್ತಾಳೆ. ಚರ್ಚಿಗೆ ಹೋದರೆ ಅಲ್ಲಿನ ಕರಿಯ ಪಾದ್ರಿಯೇ ಎದೆಯೊಳಗಿನ ಕಪ್ಪನ್ನು ತೊಳೆದುಕೊಳ್ಳಿ ಅಂತ ಕರಿಯರಿಗೇ ಬೋಧಿಸುತ್ತಾನೆ. ಕಾಲಿನ್‌ಗೆ ನೆನಪಿನಲ್ಲಾದರೂ ಒಂದು ಊರಿದೆ, ಸಿಟ್ಟು ಬಂದಾಗ ಹಿಂತಿರುಗಿ ನೋಡಲು ಒಂದು ದ್ವೀಪವಿದೆ. ಟೋನಿಗೆ ಅದೂ ಇಲ್ಲ. ಇರುವ ಒಂದೇ ಊರು ಅವನನ್ನು ಒಲ್ಲೆ ಅನ್ನುತ್ತದೆ.

ನಮ್ಮನ್ನು ಹೆಚ್ಚು ಕಾಡಿದವಳು ತಾಯಿ. ಇಂಗ್ಲಿಷರ ಹಾಗೆ ಇದ್ದರೆ, ತಲೆತಗ್ಗಿಸಿ ದುಡಿದರೆ, ಮಗ ಓದಿದರೆ ಒಂದು ದಿನ ಮನುಷ್ಯರ ಲೆಕ್ಕಕ್ಕೆ ಸೇರುತ್ತೇವೆ ಅಂತ ನಂಬಿದವಳು. ಕರಿಯರ ಸಭೆಯೊಂದಕ್ಕೆ ನುಗ್ಗಿದ ಪೊಲೀಸರು ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಮಾದಕವಸ್ತು ಹುಡುಕುವ ನೆಪದಲ್ಲಿ ಅವಳು ಒಪ್ಪವಾಗಿಟ್ಟ ಮನೆಯನ್ನೂ ಕೆದಕಿ ಚೆಲ್ಲಾಪಿಲ್ಲಿ ಮಾಡುತ್ತಾರೆ. ಆ ಹೆಂಗಸಿನ ಅಳು ಕೇಳಲಾಗದು. ಅವಳನ್ನು ‘ಬಿಳಿಯರ ಬಾಲ’ ಅಂತ ಹೀಯಾಳಿಸುವುದು ಸುಲಭ. ಮಕ್ಕಳನ್ನು ಇಸ್ಕೂಲಿಗೆ ಕಳಿಸಿದ ನಮ್ಮ ಅವ್ವಂದಿರನ್ನು ಬಲ್ಲ ನಾವು ಹಾಗೆ ಹೀಯಾಳಿಸಲಾರೆವು.

ಪೊಲೀಸರ ಈ ನುಗ್ಗಾಟ ಕಟ್ಟುಕಥೆಯಲ್ಲ. ಅದೇ ಪ್ರದೇಶದಲ್ಲಿ ಫ್ರಾಂಕ್ ಕ್ರಿಚ್‌ಲೊ 1968ರಲ್ಲಿ ತೆರೆದ ‘ಮ್ಯಾಂಗ್ರೋವ್’ ಹೋಟೆಲಿನ ಮೇಲೆ 1969ರ ಜನವರಿಯಿಂದ 1970ರ ಜುಲೈ ಒಳಗೆ 12 ಸಲ ದಾಳಿ ನಡೆಯಿತು. ಪ್ರತಿಭಟಿಸಿದ ಒಂಬತ್ತು ಜನರ ಮೇಲೆ ದೊಂಬಿಯ ಕೇಸು ಹಾಕಿದರು. 55 ದಿನ ವಿಚಾರಣೆ. ಡಾರ್ಕಸ್ ಹೌ ಮತ್ತು ಆಲ್ತಿಯಾ ಜೋನ್ಸ್-ಲಕಾಯಿಂಟ್ ತಮ್ಮ ವಾದವನ್ನು ತಾವೇ ಮಂಡಿಸಿದರು. 1971ರ ಡಿಸೆಂಬರಿನಲ್ಲಿ ದೊಂಬಿಯ ಆರೋಪ ಬಿದ್ದುಹೋಯಿತು. ಬೀದಿಯಲ್ಲಿ ಹುಡುಗರನ್ನು ಹಿಡಿಯಲು ಪೊಲೀಸರ ಕೈಯಲ್ಲಿದ್ದ ಇನ್ನೊಂದು ಅಸ್ತ್ರ 1824ರ ಅಲೆಮಾರಿಗಳ ಕಾಯ್ದೆ. ಕಳ್ಳತನಕ್ಕೆ ಹೊಂಚುಹಾಕಿದ್ದಾನೆ ಅನ್ನುವ ಅನುಮಾನವೇ ಅಪರಾಧ! ಇದೇ ದೊರೆಗಳು 1871ರಲ್ಲಿ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿದ ಕೂಸಿಗೂ ಕಳ್ಳನೆಂಬ ಹಣೆಪಟ್ಟಿ ಹಚ್ಚಿದ್ದರು. ಇಲ್ಲಿ ಕುಲ ನೋಡಿ ಹಿಡಿದರು, ಅಲ್ಲಿ ಮೈಬಣ್ಣ ನೋಡಿ ಹಿಡಿದರು. ಲಂಡನ್ನಿನ ಆ ಅನುಮಾನದ ಕಲಮು ರದ್ದಾದದ್ದು 1981ರಲ್ಲಿ, ಬ್ರಿಕ್ಸ್‌ಟನ್ ಹೊತ್ತಿ ಉರಿದ ವರ್ಷ.

ಚಿತ್ರಕಥೆಯನ್ನು ಓವೆ ಜೊತೆ ಬರೆದವರು ಸ್ಯಾಮ್ ಸೆಲ್ವನ್. ಹೆಸರೇ ಹೇಳುವಂತೆ ಅವರ ತಂದೆಯ ಕಡೆಯ ಬೇರು ಮದರಾಸಿನದು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗೆ ಆಳು ಸಾಲದೆ 1845ರಿಂದ ಟ್ರಿನಿಡಾಡಿಗೆ ಭಾರತದ ಬಡವರನ್ನು ಕರಾರುಕೂಲಿಗಳಾಗಿ ಸಾಗಿಸಿದರಲ್ಲ, ಆ ದ್ವೀಪದಲ್ಲಿ ಎರಡು ಖಂಡಗಳ ಬೆವರು ಬೆರೆತಿದೆ. ಇನ್ನು 1972ರಲ್ಲಿ ಮುಂಬಯಿಯ ದಲಿತ ಯುವಕರು ‘ಪ್ಯಾಂಥರ್’ ಎಂಬ ಹೆಸರನ್ನು ಅಮೆರಿಕದ ಕರಿಯರಿಂದ ಪಡೆದದ್ದು ಎಲ್ಲರಿಗೂ ಗೊತ್ತು. ಅದೇ ಹೆಸರಿನ ಸಂಘಟನೆ ಲಂಡನ್ನಿನಲ್ಲೂ ಇತ್ತು. ಕಾಲಿನ್ ಅಂಥ ಹುಡುಗರಲ್ಲೊಬ್ಬ.

ಬ್ರಿಟಿಷ್ ಫಿಲ್ಮ್ ಇನ್ಸ್‌ಟಿಟ್ಯೂಟ್ ಹಣ ಕೊಟ್ಟು ಮಾಡಿಸಿದ ಚಿತ್ರ ಬಹುಕಾಲ ಡಬ್ಬದಲ್ಲೇ ಕೊಳೆಯಿತು. ಪೊಲೀಸರ ದೌರ್ಜನ್ಯ ತೋರಿಸಿದ್ದೇ ಕಾರಣ ಅನ್ನುತ್ತಾರೆ. ಅದೇ ಓವೆಗೆ 2022ರಲ್ಲಿ ‘ಸರ್’ ಬಿರುದು ಸಿಕ್ಕಿತು. ಹೊಸದಾಗಿ ಸಂಸ್ಕರಿಸಿದ ಪ್ರತಿ 2023ರ ಅಕ್ಟೋಬರಿನಲ್ಲಿ ಲಂಡನ್ ಚಿತ್ರೋತ್ಸವದ ತೆರೆ ಕಂಡಾಗ ಅವರು ತೀರಿಕೊಂಡು ಮೂರು ವಾರ ಆಗಿತ್ತು.

ಕಾಲಿನ್‌ನಂಥವರ ಗತಿ ಏನಾಯಿತು? 1973ಕ್ಕೆ ಮುಂಚೆ ಬಂದವರಿಗೆ ಇಲ್ಲೇ ಇರುವ ಹಕ್ಕಿದೆ ಅಂತ ಕಾನೂನೇ ಹೇಳಿತ್ತು, ಕೈಗೆ ಕಾಗದ ಮಾತ್ರ ಕೊಟ್ಟಿರಲಿಲ್ಲ. ಅವರು ಬಂದಿಳಿದ ದಾಖಲೆಯ ಚೀಟಿಗಳನ್ನು 2010ರಲ್ಲಿ ಗೃಹ ಇಲಾಖೆಯೇ ನಾಶಮಾಡಿತು. ಆಮೇಲೆ ‘ಪುರಾವೆ ತನ್ನಿ’ ಅಂತ ಮುದುಕರನ್ನು ಕೇಳಿತು. ಕೆಲಸ ಹೋಯಿತು, ಮನೆ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ಇಲ್ಲವೆಂದರು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ಗಡೀಪಾರು ಮಾಡಿದ್ದು 2018ರಲ್ಲಿ ಬಯಲಾಯಿತು.

ಚಿತ್ರದ ಕೊನೆಗೆ ಮಳೆ. ಬಂಧಿತರನ್ನು ಬಿಡಿ ಅಂತ ಬೆರಳೆಣಿಕೆಯ ಜನ ಫಲಕ ಹಿಡಿದು ನಿಂತಿದ್ದಾರೆ. ಅವರ ನಡುವೆ ಟೋನಿಯೂ ಇದ್ದಾನೆ.