ಸೇಂಟ್ ಮೇರೀಸ್ ದ್ವೀಪಗಳು
ಸೇಂಟ್ ಮೇರೀಸ್ ದ್ವೀಪಗಳು ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆಯ ಬಳಿ, ಅರಬ್ಬೀ ಸಮುದ್ರದಲ್ಲಿರುವ ನಾಲ್ಕು ಸಣ್ಣ ದ್ವೀಪಗಳ ಸಮೂಹ. ಕಂಬಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುವ ಇಲ್ಲಿನ ಶಿಲಾರಚನೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆ.

ಶಿಲಾರಚನೆ
ಲಾವಾರಸವು ತಣ್ಣಗಾಗಿ ಕುಗ್ಗುವಾಗ ಅದರಲ್ಲಿ ಬಿರುಕುಗಳು ಮೂಡಿ, ಆಳಕ್ಕೆ ಇಳಿದು, ಬಹುಭುಜಾಕೃತಿಯ ಕಂಬಗಳು ಉಂಟಾದವು. ಇವುಗಳಲ್ಲಿ ಆರು ಮುಖದವು ಹೆಚ್ಚು ಗಮನ ಸೆಳೆಯುತ್ತವೆ. ಈ ಶಿಲೆಗಳನ್ನು ಬೆಳಗಾವಿ, ವಿಜಯಪುರ ಭಾಗದ ದಖ್ಖನ್ ಬಸಾಲ್ಟಿನ ಭಾಗವೆಂದು ತಿಳಿಯುವುದು ಸರಿಯಲ್ಲ. ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಳೆಯದು. ದ್ವೀಪಗಳ ಶಿಲೆಯು ಸಿಲಿಕಾ ಹೆಚ್ಚಿರುವ ರಯೋಲೈಟ್ ಬಗೆಯದಾಗಿದ್ದು, ಸುಮಾರು 8.5ರಿಂದ 9 ಕೋಟಿ ವರ್ಷ ಹಳೆಯದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಇದು ಸಾಕ್ಷಿಯಾಗಿದೆ.

ಪ್ರವಾಸ
ಮಲ್ಪೆಯಿಂದ ದೋಣಿಯ ಮೂಲಕ ದ್ವೀಪವನ್ನು ತಲುಪಬಹುದು. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ದೋಣಿ ಸಂಚಾರವನ್ನು ನಿಲ್ಲಿಸಲಾಗುತ್ತದೆ. ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಎದ್ದು ಕಾಣುತ್ತವೆ. ಅಲೆ ಬಡಿಯುವ ಬಂಡೆಗಳು ಜಾರುವುದರಿಂದ ಅವುಗಳ ಮೇಲೆ ನಿಲ್ಲುವುದು ಅಪಾಯಕಾರಿ. ಇಲ್ಲಿ ಪ್ರವಾಸಿಗರು ನೀರುಪಾಲಾದ ಘಟನೆಗಳು ನಡೆದಿವೆ.