ಕ್ರೀಡಾಪಟು ವಿದ್ಯಾರ್ಥಿಗಳ ಜಾಹೀರಾತು ಆದಾಯ ಮತ್ತು ತೆರಿಗೆ

ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡದ ಪರ ಮೊದಲ ಬಾರಿಗೆ ಆಡಿದಾಗ ಅವರ ವಯಸ್ಸು 18. ಕಾಲೇಜು ಕಲಿಯುವ ವಯಸ್ಸಿನಲ್ಲಿಯೇ ಆಟ ವೃತ್ತಿಯಾಗಬಲ್ಲದು ಎಂಬುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರದವರು ಬೇರೆಡೆ ಉದಾಹರಣೆ ಹುಡುಕಬೇಕಿಲ್ಲ.

ಕಂಪನಿಯ ಪ್ರಚಾರಕ್ಕಾಗಿ ಕ್ರೀಡಾಪಟು ಪಡೆಯುವ ಸಂಭಾವನೆ ವಿದ್ಯಾರ್ಥಿವೇತನವಲ್ಲ, ವೃತ್ತಿಯ ಆದಾಯ. 2025-26ರ ಸಾಲಿನಲ್ಲಿ ಅದು 50 ಸಾವಿರ ರೂ. ಮೀರಿದ್ದರೆ ಕಂಪನಿಯು ಶೇ 10ರಷ್ಟನ್ನು ಮೂಲದಲ್ಲಿಯೇ ಕಡಿತ ಮಾಡಬೇಕಿತ್ತು. ಪ್ಯಾನ್ ನೀಡದವರಿಗೆ ಶೇ 20. ನಗದಿನ ಬದಲು ಬೈಕು, ಮೊಬೈಲು ಕೊಟ್ಟರೂ ವಿನಾಯಿತಿಯಿಲ್ಲ. ವರ್ಷಕ್ಕೆ 20 ಸಾವಿರ ರೂ. ಮೀರಿದ ಇಂತಹ ಸವಲತ್ತುಗಳಿಗೆ 2022ರ ಜುಲೈನಿಂದ ಕಡಿತ ಜಾರಿಗೆ ಬಂದಿತು.

ಅದೇ ಸಾಲಿನಲ್ಲಿ ಹೊಸ ಪದ್ಧತಿಯಡಿ ಒಟ್ಟು ಆದಾಯ 12 ಲಕ್ಷ ರೂ. ಮೀರದವರಿಗೆ ಸಾಮಾನ್ಯವಾಗಿ ತೆರಿಗೆ ಬಾಧ್ಯತೆಯಿಲ್ಲ. ಆದರೆ ಕಡಿತವಾದ ಹಣ ತಾನಾಗಿ ಹಿಂದಿರುಗದು, ರಿಟರ್ನ್ ಸಲ್ಲಿಸಲೇಬೇಕು. ಅಲ್ಪ ಮೊತ್ತವೆಂದು ಇದನ್ನು ಕೈಬಿಡುವುದು ನಷ್ಟವೇ ಸರಿ.

ವೈದ್ಯರು, ವಕೀಲರು, ಚಲನಚಿತ್ರ ಕಲಾವಿದರಿಗೆ ಗಳಿಕೆಯ ಅರ್ಧವನ್ನೇ ಲಾಭವೆಂದು ತೋರಿಸುವ ಸೌಲಭ್ಯವಿತ್ತು. ಆ ಪಟ್ಟಿಯಲ್ಲಿ ಕ್ರೀಡಾಪಟುಗಳಿಲ್ಲದಿರುವುದು ವಿಚಿತ್ರ. ಆದ್ದರಿಂದ ಪ್ರಯಾಣ, ತರಬೇತಿ, ಸಲಕರಣೆಗಳ ರಸೀದಿಗಳನ್ನು ಜೋಪಾನವಾಗಿಡಬೇಕು.

ಜಾಹೀರಾತಿನ ಹಣವನ್ನು ತಂದೆಯ ಅಡಕೆ ತೋಟದ ಹುಟ್ಟುವಳಿಗೆ ಸೇರಿಸಿ ಕೃಷಿ ಆದಾಯವೆಂದು ತೋರಿಸುವಂತಿಲ್ಲ. 18 ತುಂಬದ ಆಟಗಾರ ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಪೋಷಕರ ಆದಾಯಕ್ಕೂ ಸೇರದು. ಅದಕ್ಕೆ ಆತನ ಹೆಸರಿನಲ್ಲಿಯೇ ಪ್ರತ್ಯೇಕ ರಿಟರ್ನ್ ಸಲ್ಲಿಸಬೇಕು.