ಅನ್ನಪಾನನಿರೋಧ: ಬಯಾಫ್ರಾ ಯುದ್ಧದ ಪಾಠ

ಯುದ್ಧವೆಂದೊಡನೆ ನಾವು ನೆನೆಯುವುದು ಶಸ್ತ್ರಗಳಿಂದ ಹತರಾದವರನ್ನು. ಆದರೆ ಗುಂಡಿಗಿಂತ ಹಸಿವೇ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಅಂತರ್ಯುದ್ಧಗಳೂ ಉಂಟು. ಪಶ್ಚಿಮ ಆಫ್ರಿಕದ ನೈಜೀರಿಯಾದಲ್ಲಿ 1967ರಿಂದ 1970ರವರೆಗೆ, ಮೂವತ್ತು ತಿಂಗಳ ಕಾಲ ನಡೆದ ಬಯಾಫ್ರಾ ಯುದ್ಧವು ಅಂಥದೊಂದು.

1966ರಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಇಗ್ಬೋ ಜನರ ಸಾಮೂಹಿಕ ಹತ್ಯೆಗಳು ನಡೆದವು. ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ಪೂರ್ವದ ತವರು ಸೀಮೆಗೆ ಓಡಿಬಂದರು. 1967ರ ಮೇ 30ರಂದು ಓಜುಕ್ವು ಅವರ ನೇತೃತ್ವದಲ್ಲಿ ಪೂರ್ವ ಪ್ರಾಂತವು ಬಯಾಫ್ರಾ ಎಂಬ ಹೆಸರಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತು. ತೈಲ ಸಂಪತ್ತುಳ್ಳ ಆ ಪ್ರಾಂತವನ್ನು ಬಿಟ್ಟುಕೊಡಲು ಒಕ್ಕೂಟ ಸರ್ಕಾರವು ಒಪ್ಪಲಿಲ್ಲ. ಜುಲೈ 6ರಂದು ಯುದ್ಧ ಆರಂಭವಾಯಿತು. ಕಡಲಮಾರ್ಗಕ್ಕೂ ಗಡಿಗಳಿಗೂ ದಿಗ್ಬಂಧನ ಬಿತ್ತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಪತನಗೊಂಡ ಮೇಲೆ ಬಯಾಫ್ರಾಕ್ಕೆ ಸಮುದ್ರದ ಸಂಪರ್ಕವೇ ಇಲ್ಲವಾಯಿತು.

ಆ ನೆಲದಲ್ಲಿ ಮರಗೆಣಸು, ಗೆಡ್ಡೆಗಳು ಬೆಳೆಯುತ್ತಿದ್ದವು. ಸಸಾರಜನಕ ಮಾತ್ರ ಹೊರಗಿನ ಒಣಮೀನು ಮತ್ತು ಉತ್ತರದ ಜಾನುವಾರುಗಳಿಂದ ದೊರೆಯುತ್ತಿತ್ತು. ಅವರ ಆಹಾರಪದ್ಧತಿಯ ವಿಮರ್ಶೆ ಇಲ್ಲಿ ಅಪ್ರಸ್ತುತ. ಅದು ನಿಂತೊಡನೆ ಮಕ್ಕಳ ಕಾಲು, ಹೊಟ್ಟೆಗಳು ಬಾತವು, ಕೂದಲು ಕೆಂಚಾಯಿತು. ಕ್ವಾಶಿಯೋರ್ಕರ್ ಎಂಬ ಈ ವ್ಯಾಧಿಗೆ ಔಷಧವೆಂದರೆ ಸತ್ತ್ವಯುತ ಆಹಾರವೇ. ಅದು ಗಡಿಯಾಚೆ ಉಳಿದಿತ್ತು.

ಚರ್ಚುಗಳ ಸಂಘಗಳೂ ರೆಡ್‌ಕ್ರಾಸ್ ಸಂಸ್ಥೆಯೂ ದ್ವೀಪಗಳಿಂದ ರಾತ್ರಿಯ ಕತ್ತಲಲ್ಲಿ ವಿಮಾನಗಳ ಮೂಲಕ ಆಹಾರ ಸಾಗಿಸಿದವು. ರಸ್ತೆಯೊಂದನ್ನೇ ಅಗಲಗೊಳಿಸಿ ಮಾಡಿದ ಉಲಿಯ ಓಡುದಾರಿಯಲ್ಲಿ ಅವು ಇಳಿಯುತ್ತಿದ್ದವು. ಶಸ್ತ್ರಾಸ್ತ್ರಗಳೂ ಅಲ್ಲಿಯೇ ಇಳಿಯುತ್ತಿದ್ದವು. 1969ರ ಜೂನ್ 5ರಂದು ರೆಡ್‌ಕ್ರಾಸ್ ವಿಮಾನವೊಂದನ್ನು ಒಕ್ಕೂಟದ ಸೇನೆಯು ಹೊಡೆದುರುಳಿಸಿತು. ತಪಾಸಣೆಯಿಲ್ಲದೆ ಆಹಾರ ಬಿಡಲು ಒಂದು ಪಕ್ಷ ಒಪ್ಪಲಿಲ್ಲ; ಆ ಷರತ್ತಿನ ಹಗಲು ಸಾಗಾಟವನ್ನು ಮತ್ತೊಂದು ಪಕ್ಷ ಒಪ್ಪಲಿಲ್ಲ. ಈ ವಾದದ ನಡುವೆ ಮಕ್ಕಳು ಸತ್ತರು.

1970ರ ಜನವರಿ 15ರಂದು ಬಯಾಫ್ರಾ ಶರಣಾಯಿತು. ಮಡಿದವರ ಸಂಖ್ಯೆ ಐದು ಲಕ್ಷದಿಂದ 30 ಲಕ್ಷದವರೆಗೆ ಎಂದು ಬಗೆಬಗೆಯ ಅಂದಾಜುಗಳಿವೆ. ಅವರಲ್ಲಿ ಬಹುಪಾಲು ಹಸಿವಿನಿಂದಲೂ ರೋಗದಿಂದಲೂ ಸತ್ತವರು. ಗೆದ್ದವರಿಲ್ಲ, ಸೋತವರಿಲ್ಲ ಎಂದು ರಾಷ್ಟ್ರನಾಯಕ ಗೋವೊನ್ ಸಾರಿದರು. ಆದರೆ ಬಯಾಫ್ರಾದಲ್ಲಿದ್ದ ಖಾತೆದಾರರಿಗೆ, ಠೇವಣಿ ಎಷ್ಟೇ ಇದ್ದರೂ, ಕೈಗೆ ಬಂದದ್ದು 20 ಪೌಂಡುಗಳು ಮಾತ್ರ. ಲೆಕ್ಕಪತ್ರ ಬಲ್ಲ ನಮಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ: ಬದುಕುಳಿದ ಕುಟುಂಬವು ಬರಿಗೈಯಿಂದಲೇ ಬಾಳನ್ನು ಮತ್ತೆ ಆರಂಭಿಸಬೇಕಾಯಿತು.

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಹೆಚ್ಚುವರಿ ಒಡಂಬಡಿಕೆಯು, ಅಂತರ್ಯುದ್ಧದಲ್ಲಿಯೂ ನಾಗರಿಕರನ್ನು ಹಸಿವಿನಿಂದ ಕೆಡವುವುದನ್ನು ನಿಷೇಧಿಸಿತು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಕಟ್ಟಿಹಾಕಿದ ಎತ್ತಿಗೆ ಹೊತ್ತಿಗೆ ಮೇವು ನೀರು ತಪ್ಪಿಸಿದರೂ ಅದು ದೋಷವೇ. ಹಾಗಿರುವಾಗ ಒಂದು ಪ್ರಾಂತಕ್ಕೇ ಅನ್ನ ತಪ್ಪಿಸುವ ಆಜ್ಞೆಯನ್ನು ಕೇವಲ ಯುದ್ಧತಂತ್ರವೆನ್ನಲಾಗದು. ಎಲ್ಲಿಯಾದರೂ ಯುದ್ಧದ ಸುದ್ದಿ ಬಂದಾಗ ಯಾರು ಗೆಲ್ಲುತ್ತಿದ್ದಾರೆಂದು ವಿಚಾರಿಸುವ ಮೊದಲು, ಅಲ್ಲಿನ ಮಕ್ಕಳಿಗೆ ಅನ್ನ ತಲುಪುತ್ತಿದೆಯೇ, ಅದನ್ನು ತಡೆದವರು ಯಾರು ಎಂದು ವಿಚಾರಿಸುವುದು ಶ್ರಾವಕರಾದ ನಮ್ಮ ಕರ್ತವ್ಯ.